ಮಾಂಟ್ರಿಯಲ್‌ಗೆ ಜೋಡಿಯಾಗಿ: ಸಲಿಂಗಿ ಪ್ರವಾಸಿಗರು ಹೊರಡುವ ಮೊದಲು ತಿಳಿದಿರಬೇಕಾದದ್ದು

ಮಾಂಟ್ರಿಯಲ್‌ನ ಹೋಟೆಲಿನಲ್ಲಿ ಇಬ್ಬರು ಗಂಡಸರೋ ಇಬ್ಬರು ಹೆಂಗಸರೋ ಒಂದೇ ದೊಡ್ಡ ಮಂಚದ ರೂಮು ಕೇಳಿದರೆ ಕೌಂಟರಿನಲ್ಲಿ ಕೂತವರು ಕೀಲಿ ಕೊಟ್ಟು, ಬೆಳಗಿನ ತಿಂಡಿ ಎಷ್ಟು ಗಂಟೆಗೆ ಎಂದು ಹೇಳಿ ಮುಂದಿನವರನ್ನು ಕರೆಯುತ್ತಾರೆ. ಊರಿನ ಮಟ್ಟಿಗೆ ಇದು ಸಲೀಸು. ಕರ್ನಾಟಕದಿಂದ ಹೊರಡುವ ಜೋಡಿಗೆ ತೊಡಕು ಎದುರಾಗುವುದು ಅದಕ್ಕೂ ಮೊದಲು: ವೀಸಾ ಅರ್ಜಿಯ ಒಂದು ಖಾನೆಯಲ್ಲಿ, ವಿಮಾನ ಬದಲಿಸುವ ನಿಲ್ದಾಣದಲ್ಲಿ, ಯಾರದೋ ಮೊಬೈಲಿನಿಂದ ಮನೆಯವರ ವಾಟ್ಸಾಪ್‌ಗೆ ಬಂದು ಬೀಳುವ ಫೋಟೋದಲ್ಲಿ.

ನಮ್ಮಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಹಿಡಿತದಿಂದ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಬಿಡಿಸಿತು. 2023ರ ಅಕ್ಟೋಬರ್ 17ರಂದು ಅದೇ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಹೀಗಾಗಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ವರ್ಷಗಟ್ಟಲೆ ಒಟ್ಟಿಗೆ ಬಾಳುತ್ತಿರುವ ಇಬ್ಬರು ಅಪರಾಧಿಗಳಲ್ಲ, ಆದರೆ ಕಾಗದದ ಮೇಲೆ ಒಬ್ಬರಿಗೊಬ್ಬರು ಏನೂ ಅಲ್ಲ. ಅಂಥ ಸಂಬಂಧಕ್ಕೆ ಪೂರ್ತಿ ಕಾನೂನು ಮಾನ್ಯತೆ ಇರುವ ದೇಶಕ್ಕೆ ಈ ಇಬ್ಬರೂ ಹೊರಟಾಗ ಏನೇನು ಬದಲಾಗುತ್ತದೆ ಎಂಬುದನ್ನು ಬುಡದಿಂದ ನೋಡೋಣ.

ಫ್ರೆಂಚ್ ಮಾತಾಡುವ ಊರುಗಳೆಲ್ಲ ಒಂದೇ ಅಲ್ಲ

ಮೊದಲು ಊರಿನ ಆಯ್ಕೆ. ಫ್ರಾನ್ಸ್ 1791ರಲ್ಲೇ ಸಲಿಂಗ ಸಂಬಂಧವನ್ನು ಅಪರಾಧಗಳ ಪಟ್ಟಿಯಿಂದ ಕೈಬಿಟ್ಟಿತ್ತು. ಮದುವೆಯ ಹಕ್ಕು ಬಂದದ್ದು ಮಾತ್ರ 2013ರಲ್ಲಿ. ಬೆಲ್ಜಿಯಂ 2003ರಲ್ಲೇ ಆ ಹಕ್ಕು ಕೊಟ್ಟು, ನೆದರ್‌ಲ್ಯಾಂಡ್ಸ್ ನಂತರ ಜಗತ್ತಿನ ಎರಡನೆಯ ದೇಶವಾಯಿತು. ಆದರೆ ಸೆನೆಗಲ್‌ನ ಡಾಕಾರ್‌ನಲ್ಲೂ ಕ್ಯಾಮರೂನ್‌ನ ಯಾವುಂಡೆಯಲ್ಲೂ ಫ್ರೆಂಚ್ ಆಡಳಿತ ಭಾಷೆಯೇ, ಅಲ್ಲಿ ಸಲಿಂಗ ಸಂಬಂಧಕ್ಕೆ ಜೈಲು ಶಿಕ್ಷೆಯಿದೆ. ಭಾಷೆ ನೋಡಿ ಊರು ಆರಿಸುವ ಹಾಗಿಲ್ಲ, ದೇಶದ ಕಾನೂನು ನೋಡಿಯೇ ಆರಿಸಬೇಕು.

ಇಲ್ಲಿ ಮಾಂಟ್ರಿಯಲ್ ಅನ್ನು ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಅತಿ ದೊಡ್ಡ ನಗರ ಅದು. ಫ್ರೆಂಚ್ ಅಲ್ಲಿನ ಅಧಿಕೃತ ಭಾಷೆಯಾದರೂ ಇಂಗ್ಲಿಷಿನಲ್ಲಿ ದಿನ ದೂಡುವುದು ಕಷ್ಟವಲ್ಲ. ನಮ್ಮ 377ನೇ ಕಲಮಿನ ಹಾಗೆಯೇ ಅಲ್ಲಿನ ಹಳೆಯ ಕಾನೂನೂ ಬ್ರಿಟಿಷರ ಕಾಲದ ಬಳುವಳಿ. ಅದನ್ನು ಕೆನಡಾ 1969ರಲ್ಲಿ ಸಡಿಲಿಸಿತು, ನಮಗಿಂತ ಸುಮಾರು ಅರ್ಧ ಶತಮಾನ ಮೊದಲು.

‘ಗೇ-ಫ್ರೆಂಡ್ಲಿ’ ಅಂದರೆ ಏನನ್ನು ನೋಡಬೇಕು?

ಪ್ರವಾಸದ ಜಾಹೀರಾತುಗಳಲ್ಲಿ ಸಲಿಂಗಿಗಳ ಗುರುತಾದ ಕಾಮನಬಿಲ್ಲಿನ ಬಾವುಟ ಹಾಕಿ ಈ ಪದವನ್ನು ಧಾರಾಳವಾಗಿ ಬಳಸುತ್ತಾರೆ. ಗಂಡಸನ್ನು ಪ್ರೀತಿಸುವ ಗಂಡಸು ಗೇ, ಹೆಣ್ಣನ್ನು ಪ್ರೀತಿಸುವ ಹೆಣ್ಣು ಲೆಸ್ಬಿಯನ್. ಇವರನ್ನೂ ದ್ವಿಲಿಂಗಾಸಕ್ತರನ್ನೂ ಟ್ರಾನ್ಸ್‌ಜೆಂಡರ್ ಸಮುದಾಯವನ್ನೂ ಒಟ್ಟಾಗಿ ನಮ್ಮಲ್ಲಿ ಲೈಂಗಿಕ ಅಲ್ಪಸಂಖ್ಯಾತರು ಅನ್ನುತ್ತೇವೆ, ಹೊಸ ತಲೆಮಾರಿನವರು ಕ್ವಿಯರ್ ಅನ್ನುತ್ತಾರೆ. ಒಂದು ಊರು ಇವರಿಗೆ ಹಿತವೋ ಅಲ್ಲವೋ ಎಂದು ತಿಳಿಯಲು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು. ಕಾನೂನು ಏನು ಹೇಳುತ್ತದೆ? ಬೀದಿಯಲ್ಲಿ ಏನು ನಡೆಯುತ್ತದೆ?

ಪಹಣಿಯಲ್ಲಿ ಹೆಸರಿರುವುದಕ್ಕೂ ಹೊಲದಲ್ಲಿ ನೇಗಿಲು ಹೂಡುವುದಕ್ಕೂ ಇರುವಷ್ಟೇ ಅಂತರ ಇವೆರಡರ ನಡುವೆ ಇದೆ. ಕಾನೂನು ಪೂರ್ತಿ ನಮ್ಮ ಪರವಾಗಿದ್ದು ಬೀದಿಯಲ್ಲಿ ಕೈ ಹಿಡಿದು ನಡೆಯಲು ಅಳುಕುವ ಊರುಗಳಿವೆ. ಕಾನೂನು ಸುಮ್ಮನಿದ್ದು ಜನ ಒಪ್ಪಿಕೊಂಡಿರುವ ಊರುಗಳೂ ಇವೆ. ಮಾಂಟ್ರಿಯಲ್‌ನಲ್ಲಿ ಎರಡೂ ಒಟ್ಟಿಗೆ ಇವೆ, ಮತ್ತು ಹಾಗಾದದ್ದು ತಾನಾಗಿಯೇ ಅಲ್ಲ.

1977: ಒಂದೇ ವರ್ಷದ ಎರಡು ಕಾನೂನುಗಳು

1976ರ ಒಲಿಂಪಿಕ್ಸ್ ಮಾಂಟ್ರಿಯಲ್‌ನಲ್ಲಿ ನಡೆಯಿತು. ಅದಕ್ಕೆ ಮುಂಚೆ ಊರನ್ನು ‘ಸ್ವಚ್ಛ’ ಮಾಡುವ ನೆಪದಲ್ಲಿ ಪೊಲೀಸರು ಸಲಿಂಗಿಗಳು ಸೇರುವ ಬಾರುಗಳ ಮೇಲೆ ಎಡೆಬಿಡದೆ ದಾಳಿ ಮಾಡಿದರು. ಒಲಿಂಪಿಕ್ಸ್ ಮುಗಿದ ಮೇಲೂ ಅದು ನಿಲ್ಲಲಿಲ್ಲ. 1977ರ ಅಕ್ಟೋಬರಿನ ಒಂದು ರಾತ್ರಿ ಸ್ಟಾನ್ಲಿ ಬೀದಿಯ ‘ಟ್ರಕ್ಸ್’ ಎಂಬ ಬಾರಿಗೆ ಬಂದೂಕು ಹಿಡಿದು ನುಗ್ಗಿದರು. ಆ ರಾತ್ರಿ 146 ಮಂದಿ ಗಂಡಸರ ಬಂಧನವಾಯಿತು. ಮರುರಾತ್ರಿ ಸುಮಾರು 2,000 ಮಂದಿ ಊರಿನ ನಡುಬೀದಿಗೆ ಬಂದು ಸಂಚಾರ ತಡೆದರು.

ಅದಾಗಿ ಎರಡು ತಿಂಗಳೂ ಕಳೆದಿರಲಿಲ್ಲ, ಡಿಸೆಂಬರಿನಲ್ಲಿ ಕ್ವಿಬೆಕ್‌ನ ಶಾಸನಸಭೆ ತನ್ನ ಮಾನವ ಹಕ್ಕುಗಳ ಸನ್ನದಿಗೆ ತಿದ್ದುಪಡಿ ತಂದಿತು: ಲೈಂಗಿಕ ಒಲವನ್ನು ಕಾರಣ ಮಾಡಿ ಕೆಲಸ, ಮನೆ, ಸೇವೆ ಯಾವುದನ್ನೂ ನಿರಾಕರಿಸುವಂತಿಲ್ಲ. ಕೆನಡಾದ ಪ್ರಾಂತ್ಯಗಳಲ್ಲಿ ಇಂಥ ಕಾನೂನು ಮಾಡಿದ್ದು ಕ್ವಿಬೆಕ್ ಮೊದಲು. ಅದೇ ವರ್ಷದ ಆಗಸ್ಟಿನಲ್ಲಿ ಫ್ರೆಂಚ್ ಭಾಷೆಯನ್ನು ಅಂಗಡಿ, ಕಚೇರಿ, ಶಾಲೆಗಳಲ್ಲಿ ಮುಂದಕ್ಕೆ ತಂದ ಭಾಷಾ ಸನ್ನದೂ ಜಾರಿಯಾಗಿತ್ತು. ಎರಡನ್ನೂ ತಂದದ್ದು ರೆನೆ ಲೆವೆಕ್ ಅವರ ಸರ್ಕಾರ. ಇಂದು ಲೈಂಗಿಕ ಅಲ್ಪಸಂಖ್ಯಾತರ ವಾರ್ಷಿಕ ‘ಪ್ರೈಡ್’ ಮೆರವಣಿಗೆ ಸಾಗುವ ಅಗಲವಾದ ರಸ್ತೆಗೆ ಅವರದೇ ಹೆಸರಿದೆ.

ಮದುವೆಯ ಹಕ್ಕು ಇನ್ನೂ ತಡವಾಗಿ, ಅದೂ ಕೋರ್ಟಿನ ಮೂಲಕ ಬಂತು. ಮೈಕಲ್ ಹೆಂಡ್ರಿಕ್ಸ್ ಮತ್ತು ರೆನೆ ಲ್ಬೋಫ್ ಎಂಬ ಜೋಡಿ ವರ್ಷಗಟ್ಟಲೆ ಹೋರಾಡಿ 2004ರ ಮಾರ್ಚ್ 19ರಂದು ಮೇಲ್ಮನವಿ ಕೋರ್ಟಿನಲ್ಲಿ ಗೆದ್ದರು. ಏಪ್ರಿಲ್ 1ರಂದು ಮಾಂಟ್ರಿಯಲ್‌ನ ಕೋರ್ಟಿನಲ್ಲೇ ಮದುವೆಯಾದರು. ಕೆನಡಾ ಪೂರ್ತಿ ಅನ್ವಯವಾಗುವ ಕಾನೂನು 2005ರ ಜುಲೈ 20ರಂದು ಬಂತು.

ಈ ಕಥೆ ಪ್ರವಾಸಿಗೆ ಯಾಕೆ ಬೇಕು ಎಂದರೆ, ಹೋಟೆಲ್ಲೋ ಟ್ಯಾಕ್ಸಿಯೋ ನಿಮ್ಮ ಸಂಬಂಧ ನೋಡಿ ಸೇವೆ ನಿರಾಕರಿಸಿದರೆ ಅದು ಅಲ್ಲಿ ಬರೀ ಒರಟುತನವಲ್ಲ, ಕಾನೂನು ಉಲ್ಲಂಘನೆ. ದೂರು ಕೇಳಲು ಮಾನವ ಹಕ್ಕುಗಳ ಆಯೋಗವಿದೆ.

ವೀಸಾ ಅರ್ಜಿಯ ಆ ಒಂದು ಖಾನೆ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾಕ್ಕೆ ಸಂದರ್ಶಕ ವೀಸಾ ಬೇಕು. ಅರ್ಜಿ ಆನ್‌ಲೈನಿನಲ್ಲಿ, ಬೆರಳಚ್ಚು ಮತ್ತು ಫೋಟೋ ವೀಸಾ ಅರ್ಜಿಗಳ ಕೆಲಸ ನೋಡಿಕೊಳ್ಳುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ. ಶುಲ್ಕ ತಲಾ 100 ಕೆನಡಾ ಡಾಲರ್, ಬೆರಳಚ್ಚಿಗೆ 85. ಜೋಡಿಯಾದರೂ ಇಬ್ಬರದೂ ಬೇರೆಬೇರೆ ಅರ್ಜಿ.

ಅರ್ಜಿಯಲ್ಲಿ ‘ವೈವಾಹಿಕ ಸ್ಥಿತಿ’ ಎಂಬ ಖಾನೆ ಬರುತ್ತದೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಭಾರತದಲ್ಲಿ ನೀವು ಅವಿವಾಹಿತರು, ನಿಜ. ಆದರೆ ಕೆನಡಾದ ವಲಸೆ ಕಾನೂನಿನಲ್ಲಿ ‘ಕಾಮನ್-ಲಾ ಸಂಗಾತಿ’ ಎಂಬ ಮೂರನೆಯ ವರ್ಗವಿದೆ. ಮದುವೆಯಾಗದೆ, ಗಂಡ ಹೆಂಡಿರ ಹಾಗೆ ಕನಿಷ್ಠ 12 ತಿಂಗಳು ಎಡೆಬಿಡದೆ ಒಟ್ಟಿಗೆ ವಾಸ ಮಾಡಿದ ಇಬ್ಬರು ಈ ವರ್ಗಕ್ಕೆ ಬರುತ್ತಾರೆ. ಗಂಡು ಹೆಣ್ಣೇ ಆಗಿರಬೇಕೆಂದಿಲ್ಲ. ಜಯನಗರದ ಬಾಡಿಗೆ ಮನೆಯಲ್ಲಿ ಎರಡು ವರ್ಷದಿಂದ ಸಂಸಾರ ಹೂಡಿರುವ ಇಬ್ಬರು ಹುಡುಗಿಯರು ನಮ್ಮ ಸರ್ಕಾರದ ಕಣ್ಣಿಗೆ ‘ರೂಮ್‌ಮೇಟ್’ ಆಗಿದ್ದರೂ ಕೆನಡಾದ ಕಣ್ಣಿಗೆ ಕಾಮನ್-ಲಾ ಸಂಗಾತಿಗಳು.

ಹಾಗಾಗಿ ಅಂಥವರು ‘ಅವಿವಾಹಿತ’ ಎಂದು ಬರೆದರೆ ತಪ್ಪು ಮಾಹಿತಿಯಾಗುವ ಸಾಧ್ಯತೆ ಇದೆ. ತಪ್ಪು ಮಾಹಿತಿ ಕೊಟ್ಟಿದ್ದಾರೆಂದು ಅಧಿಕಾರಿಗಳು ತೀರ್ಮಾನಿಸಿದರೆ ಐದು ವರ್ಷ ಕೆನಡಾ ಪ್ರವೇಶಕ್ಕೆ ತಡೆ ಬೀಳಬಹುದು. ಮುಂದೊಂದು ದಿನ ಇಬ್ಬರಲ್ಲಿ ಒಬ್ಬರಿಗೆ ಅಲ್ಲಿ ಓದುವ ಅಥವಾ ಕೆಲಸದ ಅವಕಾಶ ಸಿಕ್ಕು, ಇನ್ನೊಬ್ಬರನ್ನು ಸಂಗಾತಿಯೆಂದು ಕರೆಸಿಕೊಳ್ಳಬೇಕಾದಾಗ ಹಳೆಯ ಅರ್ಜಿಯ ಆ ಉತ್ತರ ಎದುರಿಗೆ ಬಂದು ನಿಲ್ಲುತ್ತದೆ. ಬೇರೆಬೇರೆ ಮನೆಗಳಲ್ಲಿ ಇರುವ ಪ್ರೇಮಿಗಳಿಗೆ ಈ ತೊಡಕಿಲ್ಲ, ಅವರು ಅವಿವಾಹಿತರೇ.

ಸಂಗಾತಿಗಳೆಂದು ತೋರಿಸುವವರಿಗೆ ಪುರಾವೆಗಳಿದ್ದರೆ ಒಳ್ಳೆಯದು: ಇಬ್ಬರ ಹೆಸರಿರುವ ಬಾಡಿಗೆ ಕರಾರು, ಒಂದೇ ವಿಳಾಸದ ಬಿಲ್ಲುಗಳು, ಜಂಟಿ ಬ್ಯಾಂಕ್ ಖಾತೆ. ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಒಂದು ಸ್ಪಷ್ಟನೆ ಹೊರಡಿಸಿದೆ. ಕ್ವಿಯರ್ ಸಮುದಾಯದವರು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ನಿರ್ಬಂಧವೂ ಇಲ್ಲ ಎಂಬುದು ಅದರ ಸಾರ. ಬ್ಯಾಂಕಿನಲ್ಲಿ ಗೊಣಗಿದರೆ ಅದರ ಪ್ರತಿ ತೋರಿಸಿ.

ಇನ್ನೊಂದು ಮಾತು. ಅರ್ಜಿಯನ್ನು ಊರಿನ ಟ್ರಾವೆಲ್ ಏಜೆಂಟರ ಕೈಗೆ ಕೊಡುವುದು ನಮ್ಮಲ್ಲಿ ರೂಢಿ. ಆದರೆ ಆ ಅರ್ಜಿಯಲ್ಲಿ ನಿಮ್ಮ ಸಂಬಂಧ ಏನೆಂದು ಬರೆದಿರುತ್ತದೆ, ತಂದೆ ತಾಯಿಯ ಹೆಸರೂ ಇರುತ್ತದೆ. ಮನೆಯಲ್ಲಿ ಇನ್ನೂ ಹೇಳಿಕೊಳ್ಳದವರಿಗೆ, ಅಪ್ಪನ ಪರಿಚಯದ ಏಜೆಂಟು ಕೆನಡಾ ಸರ್ಕಾರಕ್ಕಿಂತ ದೊಡ್ಡ ಆತಂಕ. ನೀವೇ ಕೂತು ತುಂಬಿ. ಒಂದು ಭಾನುವಾರ ಹೋಗುತ್ತದೆ, ಆದರೆ ಗುಟ್ಟು ನಿಮ್ಮ ಹತ್ತಿರವೇ ಉಳಿಯುತ್ತದೆ.

ನಡುವೆ ಎಲ್ಲಿ ಇಳಿಯುತ್ತೀರಿ?

ಬೆಂಗಳೂರಿನಿಂದ ಮಾಂಟ್ರಿಯಲ್‌ಗೆ ಹೋಗುವವರು ಪ್ಯಾರಿಸ್, ಫ್ರಾಂಕ್‌ಫರ್ಟ್, ಲಂಡನ್, ದೋಹಾ, ದುಬೈ ಇವುಗಳಲ್ಲಿ ಒಂದು ಕಡೆ ವಿಮಾನ ಬದಲಿಸುವುದೇ ಹೆಚ್ಚು. ಕೊಲ್ಲಿ ಮಾರ್ಗದ ಟಿಕೆಟ್ ಎಷ್ಟೋ ಸಲ ಅಗ್ಗಕ್ಕೆ ಸಿಗುತ್ತದೆ. ಕತಾರ್ ಮತ್ತು ಯುಎಇ ಎರಡರಲ್ಲೂ ಸಲಿಂಗ ಸಂಬಂಧ ಅಪರಾಧ. ನಿಲ್ದಾಣದ ಒಳಗೇ ಕೆಲವು ಗಂಟೆ ಕಳೆದು ಮುಂದಿನ ವಿಮಾನ ಹತ್ತುವವರನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಆದರೆ ವಿಮಾನ ರದ್ದಾಗಿ ಊರೊಳಗೆ ಹೋಗಿ ರಾತ್ರಿ ಕಳೆಯಬೇಕಾಗಿ ಬಂದರೆ ಆ ದೇಶದ ಕಾನೂನು ನಿಮಗೂ ಅನ್ವಯ. ಟ್ರಾನ್ಸ್ ಪ್ರಯಾಣಿಕರಿಗೆ, ಅದರಲ್ಲೂ ಪಾಸ್‌ಪೋರ್ಟಿನ ಲಿಂಗಕ್ಕೂ ನೋಟಕ್ಕೂ ಹೊಂದದವರಿಗೆ, ಯುರೋಪಿನ ಮಾರ್ಗಕ್ಕೆ ಸ್ವಲ್ಪ ಹೆಚ್ಚು ದುಡ್ಡು ಕೊಡುವುದು ಲೇಸು ಎಂದೇ ನನ್ನ ಅನಿಸಿಕೆ. ಆ ಮಾರ್ಗದಲ್ಲಿ ಟ್ರಾನ್ಸಿಟ್ ವೀಸಾ ಬೇಕೇ ಎಂದು ಟಿಕೆಟ್ ಕೊಳ್ಳುವ ಮೊದಲೇ ವಿಮಾನ ಕಂಪನಿಯನ್ನು ಕೇಳಿಕೊಳ್ಳಿ.

ವಿಲೇಜ್ ಎಂಬ ಬೀದಿ

ಮಾಂಟ್ರಿಯಲ್ ವಿಮಾನ ನಿಲ್ದಾಣದಿಂದ 747 ಸಂಖ್ಯೆಯ ಬಸ್ಸು ಹಗಲೂ ರಾತ್ರಿ ಓಡುತ್ತದೆ. ಅದರ ಕೊನೆಯ ನಿಲ್ದಾಣ ಬೆರಿ-ಯುಕಾಮ್. ಅಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಸಲಿಂಗಿಗಳ ಬಡಾವಣೆಯೆಂದೇ ಹೆಸರಾದ ‘ವಿಲೇಜ್’ ಶುರು. ಸಾಂತ್ ಕ್ಯಾತರೀನ್ ಬೀದಿಯ ಈ ಭಾಗ ಪಾಪಿನೋ ಮೆಟ್ರೋವರೆಗೆ ಚಾಚಿಕೊಂಡಿದೆ. ನಡುವಿನ ಬೋದ್ರಿ ಮೆಟ್ರೋ ನಿಲ್ದಾಣದ ಬಾಗಿಲಿನ ಕಂಬಗಳಿಗೇ ಕಾಮನಬಿಲ್ಲಿನ ಬಣ್ಣ. ಒಂದು ಸಾರ್ವಜನಿಕ ಸಾರಿಗೆ ಸಂಸ್ಥೆ ತನ್ನ ಕಟ್ಟಡಕ್ಕೆ ಆ ಬಣ್ಣ ಕೊಟ್ಟಿರುವುದನ್ನು ನೋಡಿದಾಗ, ಇಂಥ ಸಂಬಂಧಕ್ಕೆ ಬೇಲಿ ಹಾಕದ ಊರು ಹೇಗಿರುತ್ತದೆ ಎಂಬುದು ನಮ್ಮಂಥವರಿಗೆ ತಟ್ಟುತ್ತದೆ.

ಇದು ಮೊದಲು ಕಾರ್ಖಾನೆ ಕೆಲಸಗಾರರ ಬಡ ಬಡಾವಣೆ. ಊರಿನ ಪಶ್ಚಿಮದಲ್ಲಿದ್ದ ಬಾರುಗಳ ಮೇಲೆ ದಾಳಿ ಹೆಚ್ಚಿ, ಇಲ್ಲಿ ಬಾಡಿಗೆಯೂ ಕಡಿಮೆಯಿದ್ದುದರಿಂದ 1980ರ ದಶಕದಲ್ಲಿ ಜನ ಇತ್ತ ಸರಿದರು. ಬೇಸಿಗೆಯಲ್ಲಿ ಬೀದಿಯನ್ನು ವಾಹನಗಳಿಗೆ ಮುಚ್ಚಿ ನಡೆಯುವವರಿಗೆ ಬಿಡುತ್ತಾರೆ. ಹೆಣ್ಣುಡುಗೆಯಲ್ಲಿ ಹಾಡು, ಹಾಸ್ಯ, ಕುಣಿತ ನಡೆಸುವ ಡ್ರ್ಯಾಗ್ ಪ್ರದರ್ಶನಕ್ಕೆ ‘ಕ್ಯಾಬರೆ ಮಾದೋ’ 2002ರಿಂದ ಹೆಸರುವಾಸಿ. ಮಾತು ಫ್ರೆಂಚಿನಲ್ಲೇ, ಅದೂ ಕ್ವಿಬೆಕ್‌ನ ಆಡುಮಾತಿನಲ್ಲಿ ಇದ್ದರೂ ನಗುವುದಕ್ಕೆ ಅಡ್ಡಿಯಾಗದು. ಪಾನೆ ಬೀದಿಯ ಮೂಲೆಯಲ್ಲಿ ‘ಪಾರ್ಕ್ ದ ಲೆಸ್ಪ್ವಾರ್’ ಎಂಬ ಪುಟ್ಟ ಉದ್ಯಾನವಿದೆ, ಏಡ್ಸ್‌ನಿಂದ ತೀರಿಕೊಂಡವರ ನೆನಪಿಗೆ ಮೀಸಲು. ಬೀದಿಯ ಗದ್ದಲದ ನಡುವೆ ಹಲವರು ಅದನ್ನು ಗಮನಿಸದೆ ದಾಟಿಹೋಗುತ್ತಾರೆ. ಹೋದಾಗ ಐದು ನಿಮಿಷ ನಿಲ್ಲಿ.

ವಿಲೇಜ್ ಹೆಚ್ಚಾಗಿ ಗಂಡಸರ ಲೋಕ ಎಂಬ ಮಾತು ಹಳೆಯದು, ಅದರಲ್ಲಿ ಹುರುಳೂ ಇದೆ. ಹೆಂಗಸರು, ಕ್ವಿಯರ್ ಯುವಜನ ಸೇರುವುದು ಪ್ಲಾತೋ, ಮೈಲ್ ಎಂಡ್ ಬಡಾವಣೆಗಳ ಕೆಫೆ, ಪುಸ್ತಕದಂಗಡಿಗಳಲ್ಲಿ ಹೆಚ್ಚು. ಇತ್ತೀಚಿನ ವರ್ಷಗಳಲ್ಲಿ ವಿಲೇಜ್‌ನಲ್ಲಿ ಮನೆಯಿಲ್ಲದವರ ಮತ್ತು ಮಾದಕ ವ್ಯಸನದ ಸಂಕಟ ಕಣ್ಣಿಗೆ ಕಾಣುವಷ್ಟಿದೆ. ಹೆದರುವ ಅಗತ್ಯವಿಲ್ಲ, ಆದರೆ ತಡರಾತ್ರಿ ಒಬ್ಬರೇ ಅಡ್ಡಬೀದಿ ಹಿಡಿಯುವುದು ಬೇಡ. ಅನ್ನ ಸಾರು ನೆನಪಾದರೆ ಪಾರ್ಕ್ ಎಕ್ಸ್‌ಟೆನ್ಶನ್ ಬಡಾವಣೆಗೆ ಹೋಗಬೇಕು. ಪಾರ್ಕ್ ಅಥವಾ ಅಕಾಡಿ ಮೆಟ್ರೋ ಇಳಿದರೆ ದಕ್ಷಿಣ ಏಷ್ಯಾದವರ ಅಂಗಡಿ ಸಾಲು, ದೋಸೆಯೂ ಸಿಗುತ್ತದೆ. ಅಲ್ಲಿ ನಮ್ಮ ಕಡೆಯವರ ಕಣ್ಣುಗಳೂ ಇರುತ್ತವೆ, ಜೊತೆಯಲ್ಲಿ ಹೇಗೆ ನಡೆಯುವುದು ಎಂಬುದು ನಿಮಗೆ ಬಿಟ್ಟದ್ದು.

ವಸತಿಗೆ ಮನೆ ಬಾಡಿಗೆ ಹಿಡಿಯುವುದಾದರೆ ಜಾಹೀರಾತಿನಲ್ಲಿ ಕ್ವಿಬೆಕ್ ಸರ್ಕಾರದ ನೋಂದಣಿ ಸಂಖ್ಯೆ ಇದೆಯೇ ನೋಡಿ, ಇಲ್ಲದಿದ್ದರೆ ಅದು ಅಕ್ರಮ. ಬೆಲೆಪಟ್ಟಿಯಲ್ಲಿ ಕಾಣುವ ದರದ ಮೇಲೆ ಸುಮಾರು 15 ಶೇಕಡಾ ತೆರಿಗೆ ಸೇರುತ್ತದೆ, ಹೋಟೆಲಿನಲ್ಲಿ ಕೂತು ಉಂಡರೆ ಇನ್ನೊಂದು 15 ಶೇಕಡಾ ಟಿಪ್ಸ್ ಕೊಡುವುದು ಅಲ್ಲಿನ ರೂಢಿ.

ಭಾಷೆ

ಅಂಗಡಿ ಹೊಕ್ಕ ಕೂಡಲೇ ‘ಬೋಂಜೂರ್’ ಅನ್ನಿ. ಆಮೇಲೆ ಇಂಗ್ಲಿಷಿಗೆ ಹೊರಳಿದರೂ ಮುಖ ಅರಳಿಯೇ ಇರುತ್ತದೆ. ಅಂಗಡಿಯವರು ‘ಬೋಂಜೂರ್-ಹಾಯ್’ ಎಂದು ಎರಡನ್ನೂ ಸೇರಿಸಿ ಸ್ವಾಗತಿಸುವುದೂ ಉಂಟು. ಇದರ ಬದಲು ಬರೀ ‘ಬೋಂಜೂರ್’ ಅನ್ನಬೇಕೆಂದು 2017ರಲ್ಲಿ ಶಾಸನಸಭೆ ಒಮ್ಮತದ ನಿರ್ಣಯವನ್ನೇ ಮಾಡಿತ್ತು! ಕನ್ನಡದ ನಾಮಫಲಕಕ್ಕಾಗಿ ಹೋರಾಡುವ ನಾಡಿನಿಂದ ಹೋದವರಿಗೆ ಈ ಕಾಳಜಿಯನ್ನು ಬಿಡಿಸಿ ಹೇಳಬೇಕಿಲ್ಲ.

ಸಂಗಾತಿಯನ್ನು ಪರಿಚಯಿಸಲು ಗಂಡಾದರೆ ‘ಮೊಂ ಚಮ್’, ಹೆಣ್ಣಾದರೆ ‘ಮಾ ಬ್ಲೋಂಡ್’ ಎಂದರೆ ಕ್ವಿಬೆಕ್‌ನಲ್ಲಿ ಎಲ್ಲರಿಗೂ ಅರ್ಥ. ಕಚೇರಿ, ಆಸ್ಪತ್ರೆಯಂಥ ಕಡೆ ‘ಕೊಂಜ್ವೆಂ’ ಅಥವಾ ‘ಕೊಂಜ್ವೆಂತ್’ ಅನ್ನುವುದು ಗೌರವದ ರೂಪ.

ಯಾವಾಗ ಹೋಗಬೇಕು?

‘ಫಿಯೆರ್ತೆ ಮಾಂಟ್ರಿಯಲ್’ ಎಂಬ ಪ್ರೈಡ್ ಹಬ್ಬ 2007ರಿಂದ ನಡೆಯುತ್ತಿದೆ, ಬೇಸಿಗೆಯ ಕೊನೆಯ ಹೊತ್ತಿಗೆ, ಆಗಸ್ಟಿನ ಮೊದಲರ್ಧದಲ್ಲಿ ಮೆರವಣಿಗೆ. ಮಧ್ಯಾಹ್ನ ಎರಡೂವರೆಗೆ ಬಾಜಾ ಬಜಂತ್ರಿಯೆಲ್ಲ ನಿಂತು, ಏಡ್ಸ್‌ಗೆ ಮತ್ತು ದ್ವೇಷಕ್ಕೆ ಬಲಿಯಾದವರಿಗಾಗಿ ಲಕ್ಷಾಂತರ ಜನ ಒಂದು ನಿಮಿಷ ಮೌನವಾಗಿ ನಿಲ್ಲುತ್ತಾರೆ. ಆದರೆ ಇಡೀ ಪ್ರವಾಸವನ್ನು ಆ ಒಂದು ದಿನಕ್ಕೆ ಕಟ್ಟಿಹಾಕಬೇಡಿ. 2022ರಲ್ಲಿ ಕಾವಲು ಸಿಬ್ಬಂದಿಯ ಕೊರತೆಯಿಂದ ಮೆರವಣಿಗೆಯನ್ನು ಅದೇ ದಿನ ಬೆಳಿಗ್ಗೆ ರದ್ದು ಮಾಡಿದ್ದರು.

ಮೆರವಣಿಗೆಯಲ್ಲಿ ಕ್ಯಾಮೆರಾಗಳು ಎಲ್ಲೆಲ್ಲೂ ಇರುತ್ತವೆ. ಮಂದಿಯ ನಡುವೆ ನಿಂತವರ ಫೋಟೋ ಪತ್ರಿಕೆಯಲ್ಲೂ ಇನ್‌ಸ್ಟಾಗ್ರಾಮಿನಲ್ಲೂ ಬರಬಹುದು. ಮನೆಯಲ್ಲಿ ಗೊತ್ತಿಲ್ಲದವರು ಟೋಪಿ, ತಂಪು ಕನ್ನಡಕ ಹಾಕಿಕೊಳ್ಳಿ, ಜೊತೆಗಾರರಿಗೆ ಟ್ಯಾಗ್ ಮಾಡಬೇಡಿ ಎಂದು ಮೊದಲೇ ಹೇಳಿಡಿ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಯಾರಿಗೆ, ಯಾವಾಗ ಹೇಳಬೇಕು ಎಂಬ ತೀರ್ಮಾನ ನಿಮ್ಮದೇ ಆಗಿರಬೇಕು.

ಚಳಿಗಾಲಕ್ಕೆ ಹೋಗುವವರು ಜನವರಿಯಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಗೆ ಸಿದ್ಧರಾಗಿರಬೇಕು. ಮೆಟ್ರೋ, ಅಂಗಡಿ, ಕಚೇರಿಗಳನ್ನು ಜೋಡಿಸುವ 30 ಕಿಲೋಮೀಟರಿಗೂ ಉದ್ದದ ನೆಲದಡಿಯ ದಾರಿಗಳು ಆಗ ನೆರವಿಗೆ ಬರುತ್ತವೆ.

ಅಲ್ಲೇ ಮದುವೆಯಾಗಬಹುದೇ?

ಆಗಬಹುದು. ಕ್ವಿಬೆಕ್‌ನಲ್ಲಿ ಮದುವೆಯಾಗಲು ಅಲ್ಲಿನ ನಿವಾಸಿಗಳಾಗಿರಬೇಕಿಲ್ಲ. ಆದರೆ ಮದುವೆಗೆ 20 ದಿನ ಮೊದಲೇ ಸರ್ಕಾರಿ ಜಾಲತಾಣದಲ್ಲಿ ಪ್ರಕಟಣೆ ಹಾಕಬೇಕು. ನಮ್ಮ ವಿಶೇಷ ವಿವಾಹ ಕಾಯ್ದೆಯ 30 ದಿನಗಳ ನೋಟಿಸಿನ ಹಾಗೆಯೇ ಅದನ್ನು ಯಾರು ಬೇಕಾದರೂ ನೋಡಬಹುದು, ಗುಟ್ಟಾಗಿ ಆಗಬಯಸುವವರು ಇದನ್ನು ಗಮನದಲ್ಲಿಟ್ಟುಕೊಳ್ಳಿ. ಆ ಮದುವೆಗೆ ಭಾರತದಲ್ಲಿ ಸದ್ಯ ಮಾನ್ಯತೆ ಇಲ್ಲ. ಮುಂದೆ ಬೇರೆಯಾಗಬೇಕಾಗಿ ಬಂದರೆ ಇಲ್ಲಿನ ಕೋರ್ಟು ವಿಚ್ಛೇದನ ಕೊಡಲಾರದು. ಇಂಥ ಹೊರದೇಶದ ಜೋಡಿಗಳಿಗಾಗಿಯೇ ಕೆನಡಾ 2013ರಲ್ಲಿ ಕಾನೂನು ಮಾಡಿ, ಅಲ್ಲಿ ವಾಸವಿರದಿದ್ದರೂ ಅಲ್ಲಿನ ಕೋರ್ಟಿನಲ್ಲಿ ವಿಚ್ಛೇದನ ಪಡೆಯುವ ದಾರಿ ತೆರೆದಿದೆ.

ಔಷಧಿ, ವಿಮೆ, ಸಹಾಯ

ಎಚ್‌ಐವಿ ಔಷಧಿಯನ್ನಾಗಲಿ, ಸೋಂಕು ತಗಲದಂತೆ ಮುಂಚಿತವಾಗಿ ತೆಗೆದುಕೊಳ್ಳುವ ‘ಪ್ರೆಪ್’ ಮಾತ್ರೆಯನ್ನಾಗಲಿ 90 ದಿನಕ್ಕೆ ಸಾಲುವಷ್ಟು ಒಯ್ಯಬಹುದು, ಅಂಗಡಿಯ ಪೊಟ್ಟಣದಲ್ಲೇ, ವೈದ್ಯರ ಚೀಟಿಯೊಂದಿಗೆ, ಕೈಚೀಲದಲ್ಲಿ. ಸೋಂಕಿನ ಅನುಮಾನ ಬಂದರೆ 72 ಗಂಟೆಯೊಳಗೆ ಶುರುಮಾಡಬೇಕಾದ ತುರ್ತು ಔಷಧಿಯಿದೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ವಿಲೇಜ್‌ನ ‘ಲಾಕ್ಚುಯೆಲ್’ ಕ್ಲಿನಿಕ್ ಇಂಥದಕ್ಕೇ ಹೆಸರಾದದ್ದು. ಕೆನಡಾದ ಉಚಿತ ಚಿಕಿತ್ಸೆ ಅಲ್ಲಿನ ನಿವಾಸಿಗಳಿಗೆ ಮಾತ್ರ, ಪ್ರವಾಸಿಗೆ ಒಂದು ರಾತ್ರಿಯ ಆಸ್ಪತ್ರೆ ವಾಸವೂ ಭಾರಿ ಬಿಲ್ಲು, ಆದ್ದರಿಂದ ವಿಮೆ ಇಲ್ಲದೆ ಹೊರಡಬೇಡಿ. ತುರ್ತು ಸಂಪರ್ಕಕ್ಕೆ ಸಂಗಾತಿಯ ಹೆಸರನ್ನೇ ಬರೆಯಿರಿ. ಮನಸ್ಸಿಗೆ ಕಸಿವಿಸಿಯಾದಾಗ ಮಾತಾಡಲು ‘ಅಂತೆರ್‌ಲಿನ್ಯ್’ ಎಂಬ ಸಹಾಯವಾಣಿಯಿದೆ, ಪೊಲೀಸ್ ಮತ್ತು ಆಂಬುಲೆನ್ಸ್‌ಗೆ 911.

ಆಗಸ್ಟಿನ ಹಬ್ಬಕ್ಕೆ ಹೋಗುವ ಆಲೋಚನೆಯಿದ್ದರೆ ಫೆಬ್ರವರಿ, ಮಾರ್ಚಿನಲ್ಲೇ ವೀಸಾ ಅರ್ಜಿ ಹಾಕಿ, ಏಕೆಂದರೆ ಕಾಯುವ ಅವಧಿ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ವಿಲೇಜ್ ಸುತ್ತಮುತ್ತಲಿನ ರೂಮುಗಳು ಆ ವಾರಕ್ಕೆ ಬೇಗ ಭರ್ತಿಯಾಗುತ್ತವೆ. ರದ್ದುಮಾಡಿದರೆ ದುಡ್ಡು ವಾಪಸು ಸಿಗುವಂಥ ರೂಮನ್ನು ಮೊದಲು ಹಿಡಿದಿಡಿ, ವೀಸಾ ಬಂದ ಮೇಲೆ ವಿಮಾನದ ಟಿಕೆಟ್ ಕೊಳ್ಳಿ.